ಮನೆವಾರ್ತೆಗೆ ಬೇಕಾದಷ್ಟು ಇಂಗ್ಲಿಷ್

ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವತನಕ ನೀವು ಎಷ್ಟು ಇಂಗ್ಲಿಷ್ ಮಾತು ಆಡುತ್ತೀರಿ ಎಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಗ್ಯಾಸ್ ಹಚ್ಚುತ್ತೀರಿ, ಕುಕ್ಕರ್ ಇಡುತ್ತೀರಿ, ಕಾಯಿ ಮಿಕ್ಸಿಗೆ ಹಾಕುತ್ತೀರಿ, ಮಕ್ಕಳ ಟಿಫನ್ ಬಾಕ್ಸ್ ತುಂಬಿ ಸ್ಕೂಲಿಗೆ ಕಳಿಸುತ್ತೀರಿ, ಕರೆಂಟ್ ಬಿಲ್ ಕಟ್ಟುತ್ತೀರಿ, ಮೋಟರ್ ಆಫ್ ಮಾಡಲು ಮರೆತು ಯಜಮಾನರಿಂದ ಒಂದು ಮಾತೂ ಅನ್ನಿಸಿಕೊಳ್ಳುತ್ತೀರಿ. ನಾಲ್ಕನೇ ತರಗತಿ ಓದಿದ ಅತ್ತೆಯವರ ಬಾಯಲ್ಲೂ ಸಲೀಸಾಗಿ ನೂರಿನ್ನೂರು ಇಂಗ್ಲಿಷ್ ಪದ ಓಡಾಡುತ್ತವೆ. ಅವು ಇಂಗ್ಲಿಷ್ ಎಂಬುದೇ ಅವರಿಗೆ ಮರೆತುಹೋಗಿದೆ!

ಹಾಗಿದ್ದೂ ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ಬಾರದ ಅಧಿಕಾರಿ ಕೂತಿದ್ದರೆ, ಆಸ್ಪತ್ರೆಯಲ್ಲಿ ಬೇರೆ ರಾಜ್ಯದಿಂದ ಬಂದ ನರ್ಸ್ ಏನೋ ಕೇಳಿದರೆ, ಮಗನ ಶಾಲೆಯಲ್ಲಿ ಮಿಸ್ಸು ಇಂಗ್ಲಿಷಿನಲ್ಲೇ ಶುರು ಮಾಡಿದರೆ, ನಮ್ಮ ನಾಲಗೆ ಅಂಗುಳಕ್ಕೆ ಅಂಟಿಕೊಂಡುಬಿಡುತ್ತದೆ. ಪದ ಬಾರದೆ ಅಲ್ಲ. ಪದಗಳೆಲ್ಲ ತಲೆಯಲ್ಲೇ ಇವೆ. ಅವನ್ನು ಯಾವ ಸಾಲಿನಲ್ಲಿ ಕೂರಿಸಬೇಕು ಎಂದು ತಿಳಿಯದು, ಅಷ್ಟೇ. ಚಕ್ಕುಲಿ ಹಿಟ್ಟು ಹದವಾಗಿ ಕಲಸಿಟ್ಟಿದ್ದೀರಿ, ಆದರೆ ಒರಳಿನ ಬಿಲ್ಲೆ ಸಿಗುತ್ತಿಲ್ಲ ಎಂದರೆ ಹೇಗೋ ಹಾಗೆ. ಅದೇ ಹಿಟ್ಟಿಗೆ ಒಂದು ಬಿಲ್ಲೆ ಹಾಕಿದರೆ ಚಕ್ಕುಲಿ, ಇನ್ನೊಂದು ಹಾಕಿದರೆ ಖಾರದ ಸೇವೆ. ವಾಕ್ಯಕ್ಕೂ ಅಂಥ ಅಚ್ಚುಗಳಿವೆ. ಮನೆವಾರ್ತೆಗೆ ಬೇಕಾದವು ಬಹಳ ಇಲ್ಲ. ಅವುಗಳಲ್ಲಿ ನಮಗೆ ಕೈಕೊಡುವ ಕೆಲವನ್ನು ಈ ಸಲ ನೋಡೋಣ.

2012ರಲ್ಲಿ ಬಂದ ಶ್ರೀದೇವಿಯವರ ‘ಇಂಗ್ಲಿಷ್ ವಿಂಗ್ಲಿಷ್’ ಚಿತ್ರ ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಗೌರಿ ಶಿಂಧೆ ನಿರ್ದೇಶಿಸಿದ್ದು. ಲಾಡು ಮಾಡಿ ಮಾರುವ ಗೃಹಿಣಿ ಆಕೆ. ನ್ಯೂಯಾರ್ಕಿನ ಕಾಫಿ ಅಂಗಡಿಯ ಕೌಂಟರಿನಲ್ಲಿ ಬೆದರಿ ಹೊರಗೋಡುವ ದೃಶ್ಯ ನೋಡುವಾಗ ಎಷ್ಟು ಜನ ಸೆರಗಿನಿಂದ ಕಣ್ಣೊರೆಸಿಕೊಂಡರೋ! ಅಲ್ಲಿ ಆಕೆಗೆ ಕಾಫಿ ಎಂಬ ಪದ ಬರುತ್ತಿರಲಿಲ್ಲವೆ? ಬರುತ್ತಿತ್ತು. ಎದುರಿನವಳು ಒಂದರ ಮೇಲೊಂದು ಕೇಳಿದ ಪ್ರಶ್ನೆಗಳ ಅಚ್ಚು ಗುರುತಾಗಲಿಲ್ಲ.

ಕ್ರಿಯಾಪದ ಎಲ್ಲಿ ಕೂರಬೇಕು?

ಕನ್ನಡದಲ್ಲಿ ಮಾಡಿದ ಕೆಲಸ ಕೊನೆಗೆ ಬರುತ್ತದೆ. ‘ನಾನು ಅಂಗಡಿಯಿಂದ ಸಕ್ಕರೆ ತಂದೆ.’ ಇಂಗ್ಲಿಷಿನಲ್ಲಿ ಯಾರು ಎಂದು ಹೇಳಿದ ಕೂಡಲೇ ಏನು ಮಾಡಿದರು ಎಂದು ಹೇಳಿಬಿಡಬೇಕು. ‘ಐ ಬ್ರಾಟ್ ಶುಗರ್ ಫ್ರಮ್ ದಿ ಶಾಪ್.’ ಇದು ಶಾಲೆಯಲ್ಲೇ ಕಲಿತದ್ದು, ಹೊಸದೇನಲ್ಲ. ಆದರೆ ಈ ಜಾಗದ ವಿಚಾರದಲ್ಲಿ ಇಂಗ್ಲಿಷ್ ಯಾಕಿಷ್ಟು ಕಟ್ಟುನಿಟ್ಟು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ನೋಡಿ, ‘ಅತ್ತೆ ಸೊಸೆಯನ್ನು ಕರೆದರು’ ಎನ್ನಿ, ‘ಸೊಸೆಯನ್ನು ಅತ್ತೆ ಕರೆದರು’ ಎನ್ನಿ, ಕರೆದವರು ಅತ್ತೆಯೇ. ನಮ್ಮ ‘ಅನ್ನು’ ಎಂಬ ಪ್ರತ್ಯಯ ಸೊಸೆಯ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ, ಅವಳು ಎಲ್ಲಿ ಕೂತರೂ ಗುರುತು ಸಿಗುತ್ತದೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯವಿಲ್ಲ. ಮೊದಲು ಕೂತವರೇ ಕರೆದವರು. ಜಾಗ ಅದಲುಬದಲಾದರೆ ಸೊಸೆಯೇ ಅತ್ತೆಯನ್ನು ಕರೆದಂತಾಗುತ್ತದೆ, ಅಲ್ಲಿಗೆ ಮುಗಿಯಿತು!

ಹಾಗಾದರೆ ಈ ಅಚ್ಚುಗಳನ್ನು ಒಂದೊಂದಾಗಿ ಹೆಕ್ಕಿ ಎಣಿಸಿಟ್ಟವರು ಯಾರು? ಅದೂ ಒಂದು ಸ್ವಾರಸ್ಯದ ಕಥೆ. ಎ. ಎಸ್. ಹಾರ್ನ್‌ಬಿ ಎಂಬ ಇಂಗ್ಲಿಷ್ ಮೇಷ್ಟರು 1924ರಲ್ಲಿ ಜಪಾನಿಗೆ ಪಾಠ ಹೇಳಲು ಹೋದರು. ಜಪಾನಿ ಭಾಷೆಯಲ್ಲೂ ನಮ್ಮ ಹಾಗೆ ಕ್ರಿಯಾಪದ ಕೊನೆಗೇ ಬರುವುದು. ಇಂಗ್ಲಿಷ್ ಮಕ್ಕಳಿಗೆ ತಾಯಿ ಹಾಲಿನ ಜೊತೆ ಬಂದದ್ದು ಇವರಿಗೆ ಬಿಡಿಸಿ ಹೇಳದೆ ಬಾರದು. ಯಾವ ಕ್ರಿಯಾಪದ ಯಾವ ಅಚ್ಚಿನಲ್ಲಿ ಕೂರುತ್ತದೆ ಎಂದು ಗುರುತು ಹಾಕಿದ ಒಂದು ನಿಘಂಟನ್ನು ಅವರು ಸಂಗಡಿಗರೊಡನೆ ಸಿದ್ಧಪಡಿಸಿದರು. 1942ರಲ್ಲಿ ಟೋಕಿಯೋದಲ್ಲಿ, ಯುದ್ಧದ ನಡುವೆಯೇ ಅದು ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡಿನವರು ಅದನ್ನೇ ತಮ್ಮ ಹೆಸರಿನಲ್ಲಿ ಹೊರತಂದರು. ಕಲಿಯುವವರಿಗಾಗಿಯೇ ಮಾಡಿದ ಆ ದಪ್ಪ ಆಕ್ಸ್‌ಫರ್ಡ್ ನಿಘಂಟು ಮನೆಯಲ್ಲಿದ್ದರೆ, ಅದರ ಮೂಲ ಇದು. 1954ರ ಇನ್ನೊಂದು ಪುಸ್ತಕದಲ್ಲಿ ಹಾರ್ನ್‌ಬಿ ಕ್ರಿಯಾಪದದ ಅಚ್ಚುಗಳನ್ನು 25 ಎಂದು ಎಣಿಸಿದರು. ನಮ್ಮ ಕಡೆಯೂ ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಮೇಷ್ಟರುಗಳಿಗೆ ತರಬೇತಿ ಕೊಡಲೆಂದೇ 1963ರಲ್ಲಿ ಬೆಂಗಳೂರಿನಲ್ಲಿ ಒಂದು ಪ್ರಾದೇಶಿಕ ಸಂಸ್ಥೆ ಶುರುವಾಯಿತು. ‘ದಿಸ್ ಈಸ್ ಎ ಪೆನ್, ದಟ್ ಈಸ್ ಎ ಬುಕ್’ ಎಂದು ತರಗತಿಯೆಲ್ಲ ಒಟ್ಟಿಗೆ ಕೂಗಿದ್ದು ನೆನಪಿದೆಯಲ್ಲ, ಅದು ಅಚ್ಚು ಕಲಿಸುವ ಕ್ರಮವೇ. ದುರದೃಷ್ಟಕ್ಕೆ ಪೆನ್ನು ಪುಸ್ತಕದಲ್ಲೇ ನಿಂತುಹೋಯಿತು, ಗ್ಯಾಸ್ ಸಿಲಿಂಡರಿನ ತನಕ ಬರಲೇ ಇಲ್ಲ.

ನನಗೆ, ನನಗೆ, ನನಗೆ

ನಾವು ದಿನಕ್ಕೆ ಅತಿ ಹೆಚ್ಚು ಸಲ ಆಡುವ ಮಾತು ಯಾವುದು ಹೇಳಿ? ‘ನನಗೆ’ ಇರಬೇಕು. ನನಗೆ ಹಸಿವು, ನನಗೆ ತಲೆನೋವು, ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ಇಬ್ಬರು ಮಕ್ಕಳು. ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ಬಾಯಿಗೆ ‘ಟು ಮಿ’ ಎಂದೇ ಬರುತ್ತದೆ. ಬರಗೊಡಬೇಡಿ. ಅಲ್ಲಿ ಎಲ್ಲಕ್ಕೂ ‘ಐ’ ಎಂದೇ ಆರಂಭ. ‘ಐ ಆಮ್ ಹಂಗ್ರಿ.’ ‘ಐ ಹ್ಯಾವ್ ಎ ಹೆಡೇಕ್.’ ‘ಐ ನೋ.’ ‘ಐ ನೀಡ್ ಎ ಫಾರ್ಮ್.’ ‘ಐ ಲೈಕ್ ಇಟ್.’ ನಮಗೆ ಹಸಿವು, ನೋವು, ಇಷ್ಟ ಎಲ್ಲ ಎಲ್ಲಿಂದಲೋ ಬಂದು ನಮಗೆ ‘ಆಗುತ್ತವೆ’. ಇಂಗ್ಲಿಷಿನವರು ಹಸಿವಿಗೂ ತಾವೇ ಯಜಮಾನರು!

ಇದರ ಜೊತೆಗೆ ನಮ್ಮ ‘ಇದೆ’ ಎಂಬ ಒಂದು ಪದ ಅಲ್ಲಿ ಎರಡು ದಾರಿ ಹಿಡಿಯುತ್ತದೆ. ಒಡೆತನದ ಮಾತಾದರೆ ‘ಹ್ಯಾವ್’. ‘ಐ ಹ್ಯಾವ್ ಮೈ ಆಧಾರ್ ಕಾರ್ಡ್.’ ಎಲ್ಲೋ ಒಂದು ಕಡೆ ಏನೋ ಇದೆ ಎನ್ನುವುದಾದರೆ ‘ದೇರ್ ಈಸ್’. ‘ದೇರ್ ಈಸ್ ಎ ಮಿಸ್ಟೇಕ್ ಇನ್ ದಿ ಬಿಲ್.’ ಈ ಒಂದು ವಾಕ್ಯವನ್ನು ದಯವಿಟ್ಟು ಬಾಯಿಪಾಠ ಮಾಡಿಟ್ಟುಕೊಳ್ಳಿ, ಎಷ್ಟು ಕಡೆ ಬೇಕಾಗುತ್ತದೆ ನೋಡಿ. ‘ಯು ಮೇಡ್ ಎ ಮಿಸ್ಟೇಕ್’ ಎಂದರೆ ಎದುರಿನವನ ಮುಖ ಕೆಂಪಾಗುತ್ತದೆ. ‘ದೇರ್ ಈಸ್’ ಎಂದರೆ ತಪ್ಪು ಬಿಲ್ಲಿನದು, ಅವನದಲ್ಲ. ಇನ್ನು ‘ಇವರು ನಮ್ಮ ಅತ್ತೆ’ ಎನ್ನುವಾಗ ಕನ್ನಡದಲ್ಲಿ ‘ಇದೆ’ಯೂ ಇಲ್ಲ, ‘ಇದ್ದಾರೆ’ಯೂ ಇಲ್ಲ. ಇಂಗ್ಲಿಷಿಗೆ ಮಾತ್ರ ಅಲ್ಲೂ ಒಂದು ‘ಈಸ್’ ಬೇಕೇ ಬೇಕು. ‘ದಿಸ್ ಈಸ್ ಮೈ ಮದರ್ ಇನ್ ಲಾ.’

‘ಐ ಆಮ್ ಹ್ಯಾವಿಂಗ್ ಟು ಚಿಲ್ಡ್ರನ್’ ಎಂದು ನಮ್ಮಲ್ಲಿ ಓದಿದವರೂ ಹೇಳುತ್ತಾರೆ. ನಮ್ಮ ನಮ್ಮಲ್ಲಿ ನಡೆಯುತ್ತದೆ, ಯಾರೂ ನಗುವುದಿಲ್ಲ. ಆದರೆ ಮಗಳ ಬಾಣಂತನಕ್ಕೆಂದು ವಿಮಾನ ಹತ್ತುವ ತಾಯಂದಿರು ಒಂದು ವಿಷಯ ತಿಳಿದಿರಲಿ. ಅಲ್ಲಿಯವರಿಗೆ ‘ಷಿ ಈಸ್ ಹ್ಯಾವಿಂಗ್ ಎ ಬೇಬಿ’ ಎಂದರೆ ಗರ್ಭಿಣಿ, ಹೆರುವವಳಿದ್ದಾಳೆ ಎಂದು. ಐವತ್ತೈದರ ಅಜ್ಜಿ ‘ಐ ಆಮ್ ಹ್ಯಾವಿಂಗ್ ಟು ಚಿಲ್ಡ್ರನ್’ ಅಂದರೆ ಅವಳಿ ಜವಳಿ ಎಂದು ಗಾಬರಿಯಾದಾರು! ‘ಹ್ಯಾವ್’ ಸಾಕು. ‘ಹ್ಯಾವಿಂಗ್’ ಎನ್ನುವುದನ್ನು ಊಟಕ್ಕೆ ಇಟ್ಟುಕೊಳ್ಳಿ. ‘ವಿ ಆರ್ ಹ್ಯಾವಿಂಗ್ ಲಂಚ್.’

ಮರ್ಯಾದೆ ಎಲ್ಲಿ ಅಡಗಿದೆ?

ಕನ್ನಡದಲ್ಲಿ ‘ಕೊಡು’, ‘ಕೊಡಿ’, ಉತ್ತರ ಕರ್ನಾಟಕದ ಕಡೆ ‘ಕೊಡ್ರಿ’. ಒಂದು ಗುಣಿತದಲ್ಲಿ ಮರ್ಯಾದೆ ಬಂದುಬಿಟ್ಟಿತು. ‘ಪ್ಲೀಸ್’ಗೆ ಸಮನಾದ ಪದ ನಾವು ಮನೆಯಲ್ಲಿ ಬಳಸುವುದೇ ಇಲ್ಲ. ‘ಸ್ವಲ್ಪ ನೀರು ಕೊಡಿ’ ಎಂದರೆ ಅದರಲ್ಲೇ ಎಲ್ಲ ಇದೆ. ಇಂಗ್ಲಿಷಿನಲ್ಲಿ ‘ನೀನು’, ‘ನೀವು’ ಎರಡಕ್ಕೂ ‘ಯು’ ಒಂದೇ, ಕ್ರಿಯಾಪದದ ತುದಿಯಲ್ಲೂ ಏನೂ ಬದಲಾಗದು. ಹಾಗಾಗಿ ‘ಗಿವ್ ಮಿ ವಾಟರ್’ ಎಂದರೆ ‘ಕೊಡಿ’ ಅಲ್ಲ, ‘ಕೊಡು’ ಎಂದು ಕೇಳಿಸುತ್ತದೆ. ನಮ್ಮ ಹೆಂಗಸರು ಎಷ್ಟು ನಯವಾಗಿ ಕೇಳಿದರೂ ಎದುರಿನವರು ಮುಖ ಗಂಟಿಕ್ಕುವುದುಂಟು. ಯಾಕೆ ಎಂದು ಇವರಿಗೆ ತಿಳಿಯುವುದೇ ಇಲ್ಲ. ನಯ ಇವರ ಮನಸ್ಸಿನಲ್ಲಿದೆ, ಅಚ್ಚಿನಲ್ಲಿಲ್ಲ.

ಅವರು ಮರ್ಯಾದೆಯನ್ನು ವಾಕ್ಯದ ತಲೆಯಲ್ಲಿ ಇಡುತ್ತಾರೆ. ‘ಕುಡ್ ಯು ಗಿವ್ ಮಿ ಎ ಫಾರ್ಮ್, ಪ್ಲೀಸ್?’ ಆಜ್ಞೆಯನ್ನು ಪ್ರಶ್ನೆ ಮಾಡಿ ಕೇಳುವುದು. ‘ಐ ವಾಂಟ್’ ಎಂಬುದು ಹಟ ಮಾಡುವ ಮಕ್ಕಳ ಮಾತಿನಂತೆ ಕೇಳಿಸುತ್ತದೆ, ಅದರ ಬದಲು ‘ಐ ವುಡ್ ಲೈಕ್ ಟು ಓಪನ್ ಆನ್ ಅಕೌಂಟ್.’ ಅಪ್ಪಣೆ ಬೇಕಾದರೆ ‘ಮೇ ಐ ಕಮ್ ಇನ್?’ ಇದು ಶಾಲೆಯಿಂದ ಬಂದಿದೆ, ಎಲ್ಲರಿಗೂ ಗೊತ್ತು. ಅದೇ ಅಚ್ಚಿಗೆ ‘ಮೇ ಐ ಸ್ಪೀಕ್ ಟು ದಿ ಮ್ಯಾನೇಜರ್?’ ‘ಮೇ ಐ ಸಿಟ್ ಹಿಯರ್?’ ಎಂದು ಹಾಕಿ ನೋಡಿ.

ಇದರಲ್ಲಿ ಒಂದು ಸಣ್ಣ ತೊಡಕಿದೆ. ‘ವೇರ್ ಈಸ್ ದಿ ಕೌಂಟರ್?’ ಎಂಬುದನ್ನು ನಯವಾಗಿ ಕೇಳಬೇಕಾದರೆ ‘ಕುಡ್ ಯು ಟೆಲ್ ಮಿ ವೇರ್ ದಿ ಕೌಂಟರ್ ಈಸ್?’ ಎನ್ನಬೇಕು. ‘ಈಸ್’ ಕೊನೆಗೆ ಜಾರುತ್ತದೆ. ನಮ್ಮವರಿಗೆ ಇದು ಕಷ್ಟವಾಗಬಾರದು, ನಮ್ಮ ಕನ್ನಡದ ಹಾಗೆಯೇ ಕೊನೆಗೆ ಬಂತಲ್ಲ! ಇನ್ನೊಂದು, ‘ಟೆಲ್ ಮಿ’ ಸರಿ, ಆದರೆ ‘ಎಕ್ಸ್‌ಪ್ಲೇನ್ ಮಿ’ ಸರಿಯಲ್ಲ. ‘ಎಕ್ಸ್‌ಪ್ಲೇನ್’ ಬೇರೆ ಅಚ್ಚಿನದು. ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಏನೋ ಅರ್ಥವಾಗದಿದ್ದರೆ ‘ಕುಡ್ ಯು ಎಕ್ಸ್‌ಪ್ಲೇನ್ ದಿಸ್ ಟು ಮಿ?’ ಎಂದು ಕೇಳಿ. ಇಲ್ಲಿ ‘ಟು ಮಿ’ಗೆ ಕೊನೆಗೂ ಒಂದು ಜಾಗ ಸಿಕ್ಕಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಊರಿನ ಬ್ಯಾಂಕಿನಲ್ಲಿ ಕನ್ನಡದಲ್ಲಿ ಕೇಳಲು ನಾಚಿಕೆಪಡಬೇಕಾಗಿಲ್ಲ. ಬ್ಯಾಂಕಿನ ಫಲಕ, ಅರ್ಜಿ, ಚಲನ್ ಎಲ್ಲ ಹಿಂದಿ ಇಂಗ್ಲಿಷ್ ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕೆಂಬುದು ರಿಸರ್ವ್ ಬ್ಯಾಂಕಿನದೇ ಸೂಚನೆ. ‘ಕುಡ್ ಯು ಗಿವ್ ಮಿ ದಿ ಕನ್ನಡ ಫಾರ್ಮ್, ಪ್ಲೀಸ್?’ ಎಂದು ಇಂಗ್ಲಿಷಿನಲ್ಲೇ ಕನ್ನಡ ಕೇಳಿ, ಏನಂತೀರಿ?

ಹೌದು ಎಂದರೆ ‘ಎಸ್’ ಅಲ್ಲದ ಜಾಗ

ಈ ಲೇಖನದಲ್ಲಿ ಬೇರೆ ಏನು ಮರೆತರೂ ಈ ಭಾಗ ಮರೆಯಬೇಡಿ. ಮೇಲೆ ಹೇಳಿದವು ತಪ್ಪಿದರೆ ಯಾರೋ ನಕ್ಕಾರು, ಅಷ್ಟೇ. ಇದು ತಪ್ಪಿದರೆ ಹಾಗಲ್ಲ.

ನಮ್ಮ ಬೀದಿಯ ಒಬ್ಬರ ಐದು ವರ್ಷದ ಮಗನಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ನಗರದ ಆಸ್ಪತ್ರೆ. ರಾತ್ರಿಯ ಊಟದ ನಂತರ ಏನೂ ಕೊಡಕೂಡದು ಎಂದಿದ್ದರು, ತಾಯಿ ಒಂದು ಅಗುಳೂ ಕೊಟ್ಟಿರಲಿಲ್ಲ. ಬೆಳಗ್ಗೆ ಕನ್ನಡ ಬಾರದ ನರ್ಸ್ ಬಂದು ‘ಹ್ಯಾಸ್‌ಂಟ್ ಹಿ ಈಟನ್ ಎನಿಥಿಂಗ್?’ ಎಂದು ಕೇಳಿದಳು. ಏನೂ ತಿಂದಿಲ್ಲವೆ ಎಂದು. ಈಕೆಗೆ ಪ್ರಶ್ನೆ ಚೆನ್ನಾಗಿಯೇ ಅರ್ಥವಾಯಿತು. ‘ಹೌದು, ತಿಂದಿಲ್ಲ’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಎಸ್ ಸಿಸ್ಟರ್’ ಅಂದರು. ನರ್ಸ್ ಬರೆದುಕೊಂಡದ್ದು, ಮಗು ತಿಂದಿದೆ ಎಂದು! ಬೆಳಗಿನ ಆಪರೇಷನ್ ಪಟ್ಟಿಯಿಂದ ಹೆಸರು ಹೋಯಿತು. ಯಾರೋ ಕನ್ನಡದ ಆಯಾ ಬಂದು ಮಾತು ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹಸಿದ ಮಗು ಅತ್ತು ಅತ್ತು ನಿದ್ದೆ ಹೋಗಿತ್ತು.

ಏನಾಯಿತು ಇಲ್ಲಿ? ತಾಯಿಯದು ದಡ್ಡತನವೆ? ಖಂಡಿತ ಅಲ್ಲ. ಇಲ್ಲ ಎಂಬುದನ್ನು ಒಳಗಿಟ್ಟುಕೊಂಡ ಪ್ರಶ್ನೆ ಕೇಳಿದಾಗ ಕನ್ನಡದಲ್ಲಿ ನಾವು ಕೇಳಿದವರ ಮಾತಿಗೆ ಉತ್ತರ ಕೊಡುತ್ತೇವೆ. ‘ತಿಂದಿಲ್ಲವೆ?’ ‘ಹೌದು, ನೀವು ಹೇಳಿದ್ದು ಸರಿ, ತಿಂದಿಲ್ಲ.’ ಇಂಗ್ಲಿಷಿನವರು ಕೇಳಿದವರನ್ನು ಲೆಕ್ಕಕ್ಕೆ ಇಡುವುದಿಲ್ಲ, ನಡೆದ ಸಂಗತಿಗೆ ಮಾತ್ರ ಉತ್ತರ. ತಿಂದಿದ್ದರೆ ‘ಎಸ್’, ತಿಂದಿಲ್ಲವಾದರೆ ‘ನೋ’. ಪ್ರಶ್ನೆ ಹೇಗೆ ಕೇಳಿದರೂ ಅಷ್ಟೆ. ಜಪಾನಿನವರೂ ಇದರಲ್ಲಿ ನಮ್ಮ ಹಾಗೆಯೇ. ಹಾರ್ನ್‌ಬಿ ಮೇಷ್ಟರು ಅಲ್ಲಿ ಎಷ್ಟು ಸಲ ತಲೆ ಚಚ್ಚಿಕೊಂಡರೋ!

ಆ ಮಗುವಿನದು ತಡವಾಯಿತು, ಹಸಿವಾಯಿತು, ಅಷ್ಟಕ್ಕೆ ಹೋಯಿತು. ಇದೇ ಮಾತು ತಿರುಗುಮುರುಗಾದರೆ ನೋಡಿ. ಅರ್ಧ ಲೋಟ ಹಾಲು ತಾನೇ ಎಂದು ಅಜ್ಜಿ ಬೆಳಗ್ಗೆ ಮಗುವಿಗೆ ಕುಡಿಸಿರುತ್ತಾರೆ ಎಂದಿಟ್ಟುಕೊಳ್ಳಿ. ‘ಹ್ಯಾಸ್‌ಂಟ್ ಹಿ ಹ್ಯಾಡ್ ಮಿಲ್ಕ್?’ ಎಂದು ಕೇಳುತ್ತಾರೆ. ತಾಯಿ ಪ್ರಾಮಾಣಿಕಳು, ‘ಇಲ್ಲ, ಕುಡಿದಿದ್ದಾನೆ’ ಎನ್ನಬೇಕು. ಬಾಯಿಗೆ ಬರುವುದು ‘ನೋ’ ಎಂಬ ಅರ್ಧ ಮಾತ್ರ. ಕೇಳಿದವರು ಕುಡಿದಿಲ್ಲ ಎಂದು ಬರೆದುಕೊಳ್ಳುತ್ತಾರೆ. ಪ್ರಜ್ಞೆ ತಪ್ಪಿಸುವ ಔಷಧಿ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುತ್ತದೆ, ಅದಕ್ಕೇ ಹೊಟ್ಟೆ ಖಾಲಿ ಇಡಿಸುವುದು. ಈ ವಿಚಾರದಲ್ಲಿ ಹಾಲೂ ಊಟದ ಲೆಕ್ಕಕ್ಕೇ ಸೇರಿದ್ದು, ನೀರಿನ ಲೆಕ್ಕಕ್ಕಲ್ಲ.

ಪರಿಹಾರ ಬಲು ಸುಲಭ. ಬರಿಯ ‘ಎಸ್’, ಬರಿಯ ‘ನೋ’ ಎಂದು ಎಂದೂ ನಿಲ್ಲಿಸಬೇಡಿ. ಬಾಲ ಸೇರಿಸಿ. ‘ನೋ, ಹಿ ಹ್ಯಾಸ್ ನಾಟ್ ಈಟನ್.’ ‘ಎಸ್, ಹಿ ಹ್ಯಾಸ್ ಹ್ಯಾಡ್ ಮಿಲ್ಕ್ ಅಟ್ ಸಿಕ್ಸ್.’ ಬಾಲದಲ್ಲಿ ‘ನಾಟ್’ ಇದ್ದರೆ ತಲೆಯಲ್ಲಿ ‘ನೋ’, ಬಾಲದಲ್ಲಿ ‘ನಾಟ್’ ಇಲ್ಲದಿದ್ದರೆ ತಲೆಯಲ್ಲಿ ‘ಎಸ್’. ಎಸ್ಸೋ ನೋವೋ ಗೊಂದಲವಾದರೆ ಎರಡನ್ನೂ ಬಿಟ್ಟು ಬಾಲವನ್ನೇ ಹೇಳಿ. ‘ಹಿ ಹ್ಯಾಸ್ ನಾಟ್ ಈಟನ್.’ ಇದರಲ್ಲಿ ಯಾರಿಗೂ ಎರಡನೇ ಅರ್ಥ ಹುಟ್ಟುವುದಿಲ್ಲ. ಔಷಧಿ ಒಗ್ಗದಿರುವ ವಿಚಾರ ಕೇಳಿದಾಗಲೂ ಹಾಗೆಯೇ. ‘ನೋ ಅಲರ್ಜಿ?’ ಎಂದರೆ ‘ಎಸ್’ ಎನ್ನಬೇಡಿ. ‘ಷಿ ಈಸ್ ಅಲರ್ಜಿಕ್ ಟು ಪೆನ್ಸಿಲಿನ್’ ಅಥವಾ ‘ಷಿ ಹ್ಯಾಸ್ ನೋ ಅಲರ್ಜಿ’ ಎಂದು ಪೂರ್ತಿ ಹೇಳಿ.

ರೈಲಿನಲ್ಲಿ ಇದರದೇ ಒಂದು ತಂಗಿ ಸಿಗುತ್ತದೆ. ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಕೂರಲಿ ಎಂದು ನೀವು ‘ಎಸ್, ಎಸ್’ ಎಂದರೆ, ನನಗೆ ತೊಂದರೆ ಇದೆ ಎಂದಂತೆ! ‘ನೋ, ಪ್ಲೀಸ್ ಸಿಟ್’ ಎನ್ನಿ.

ಎಷ್ಟು ದಿನದಿಂದ?

ಡಾಕ್ಟರು ಮೊದಲು ಕೇಳುವುದು ಇದನ್ನೇ. ‘ಮೂರು ದಿನದಿಂದ ಜ್ವರ’ ಎಂಬುದಕ್ಕೆ ‘ಷಿ ಹ್ಯಾಸ್ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್.’ ‘ಸೋಮವಾರದಿಂದ’ ಎನ್ನುವುದಾದರೆ ‘ಸಿನ್ಸ್ ಮಂಡೇ.’ ಎರಡಕ್ಕೂ ನಮ್ಮದು ಒಂದೇ ‘ಇಂದ’. ಎಷ್ಟು ಕಾಲ ಎಂಬ ಅಳತೆಗೆ ‘ಫಾರ್’, ಯಾವಾಗ ಶುರು ಎಂಬುದಕ್ಕೆ ‘ಸಿನ್ಸ್’. ಇದು ಅದಲುಬದಲಾದರೆ ಡಾಕ್ಟರಿಗೆ ಅರ್ಥವಾಗದೆ ಹೋಗದು, ಹೆದರಬೇಡಿ. ಹೆದರಬೇಕಾದದ್ದು ‘ಹ್ಯಾಡ್’ ಎಂಬುದರ ವಿಷಯದಲ್ಲಿ. ‘ಷಿ ಹ್ಯಾಡ್ ಫೀವರ್’ ಎಂದಷ್ಟೇ ಹೇಳಿದರೆ ಜ್ವರ ಬಂದಿತ್ತು, ಬಿಟ್ಟಿದೆ ಎಂದು ಅರ್ಥ. ಈಗಲೂ ಇದ್ದರೆ ‘ಹ್ಯಾಸ್’ ಬೇಕು. ವಾಂತಿಯೂ ಹಾಗೆ. ‘ಷಿ ವಾಮಿಟೆಡ್ ಟ್ವೈಸ್’ ಎಂದರೆ ಎರಡು ಸಲ ಆಯಿತು, ನಿಂತಿತು. ‘ಷಿ ಹ್ಯಾಸ್ ಬೀನ್ ವಾಮಿಟಿಂಗ್ ಸಿನ್ಸ್ ಲಾಸ್ಟ್ ನೈಟ್’ ಎಂದರೆ ರಾತ್ರಿಯಿಂದ ಆಗುತ್ತಲೇ ಇದೆ. ಗ್ಲೂಕೋಸ್ ಏರಿಸಬೇಕೋ ಬೇಡವೋ ಎಂದು ಯೋಚಿಸುವವರಿಗೆ ಈ ಎರಡರ ನಡುವೆ ಬಹಳ ಅಂತರವಿದೆ.

ಎದೆ ಉರಿಗೆ ‘ಹಾರ್ಟ್‌ಬರ್ನ್’ ಎನ್ನುತ್ತಾರೆ, ಹೆಸರಿನಲ್ಲಿ ‘ಹಾರ್ಟ್’ ಇದ್ದರೂ ಅದು ಹುಳಿತೇಗಿನ ಸಂಬಂಧದ್ದು. ಎದೆಯಲ್ಲಿ ನೋವು, ಒತ್ತಿದ ಹಾಗೆ ಆಗುತ್ತಿದ್ದರೆ ‘ಚೆಸ್ಟ್ ಪೇನ್’ ಎಂದೇ ಹೇಳಿ, ಒಂದರ ಬದಲು ಇನ್ನೊಂದು ಹೇಳಿಬಿಡಬೇಡಿ. ತಲೆಸುತ್ತಿಗೆ ‘ಐ ಫೀಲ್ ಗಿಡ್ಡಿ.’ ಹೊಟ್ಟೆ ತೊಳೆಸಿ ವಾಂತಿ ಬರುವ ಹಾಗಾದರೆ ‘ಐ ಫೀಲ್ ಲೈಕ್ ವಾಮಿಟಿಂಗ್.’ ಸಂಕಟಕ್ಕೆ ಇಂಗ್ಲಿಷಿನಲ್ಲಿ ಏನು ಎಂದು ಕೇಳಬೇಡಿ, ಆ ಪದದೊಳಗೆ ನಾವು ಏನೇನು ತುಂಬಿಟ್ಟಿದ್ದೇವೋ ಅದನ್ನು ಬಿಡಿಬಿಡಿಯಾಗಿಯೇ ಹೇಳಬೇಕು.

ಬಾಲದಿಂದ ಓದುವುದು

ಔಷಧಿ ಬಾಟಲಿ, ಆಹಾರದ ಪೊಟ್ಟಣಗಳ ಮೇಲಿನ ಇಂಗ್ಲಿಷ್ ಓದಲು ಒಂದು ಉಪಾಯವಿದೆ. ‘ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್.’ ಇದನ್ನು ಮುಂದಿನಿಂದ ಓದುತ್ತಾ ಹೋದರೆ ತಲೆ ಕೆಡುತ್ತದೆ. ಬಾಲದಿಂದ ಹಿಡಿಯಿರಿ. ಚಿಲ್ಡ್ರನ್, ಮಕ್ಕಳ. ರೀಚ್, ಕೈಗೆ. ಔಟ್ ಆಫ್, ಎಟುಕದಂತೆ. ಕೀಪ್, ಇಡಿ. ಮಕ್ಕಳ ಕೈಗೆ ಎಟುಕದಂತೆ ಇಡಿ! ತಾನೇ ತಾನಾಗಿ ಕನ್ನಡ ಬಂತು. ‘ಶೇಕ್ ವೆಲ್ ಬಿಫೋರ್ ಯೂಸ್’ ಎಂಬುದೂ ಅಷ್ಟೆ, ಬಳಸುವ ಮೊದಲು ಚೆನ್ನಾಗಿ ಕುಲುಕಿ. ‘ಟು ಬಿ ಟೇಕನ್ ಆಫ್ಟರ್ ಫುಡ್’, ಊಟದ ನಂತರ ತೆಗೆದುಕೊಳ್ಳತಕ್ಕದ್ದು. ನಮ್ಮದು ಅವರ ವಾಕ್ಯದ ಕನ್ನಡಿ ಬಿಂಬ. ಎಲ್ಲ ವಾಕ್ಯಕ್ಕೂ ಇದು ಪೂರ್ತಿ ಹೊಂದುವುದಿಲ್ಲ, ಆದರೆ ಲೇಬಲ್ಲುಗಳಿಗೆ ಮುಕ್ಕಾಲು ಪಾಲು ಸಾಕು.

ಒಂದೆರಡು ಮಾತು ಮಾತ್ರ ಗುರುತಿಟ್ಟುಕೊಳ್ಳಿ. ‘ಬೆಸ್ಟ್ ಬಿಫೋರ್’ ಎಂದರೆ ಆ ತಾರೀಕಿನತನಕ ರುಚಿ, ಗರಿಮುರಿ ಚೆನ್ನಾಗಿರುತ್ತದೆ ಎಂದು. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಎಂದರೆ ಆಮೇಲೆ ತಿನ್ನಲೇಬಾರದು ಎಂದು. ಔಷಧಿಗೆ ಇರುವುದು ಎರಡನೆಯದೇ. ‘ಡು ನಾಟ್ ಎಕ್ಸೀಡ್’ ಎಂದು ಕಂಡರೆ, ಹೇಳಿದ ಅಳತೆ ಮೀರಬೇಡಿ ಎಂದು.

ಅಲ್ಲವೇ?

ನಮ್ಮ ‘ಅಲ್ಲವೇ’ ಎಂಥ ಅನುಕೂಲದ ಮಾತು! ನಾಳೆ ಹಬ್ಬ ಅಲ್ಲವೇ, ಅವರು ಬಂದರು ಅಲ್ಲವೇ, ನೀವು ಹೋಗುತ್ತೀರಿ ಅಲ್ಲವೇ. ಎಲ್ಲಕ್ಕೂ ಒಂದೇ. ಇಂಗ್ಲಿಷಿನಲ್ಲಿ ಪ್ರತಿಯೊಂದಕ್ಕೂ ಬೇರೆ ಬಾಲ. ‘ಇಟ್ ಈಸ್ ಹಾಟ್, ಇಸ್‌ಂಟ್ ಇಟ್?’ ‘ಷಿ ಕೇಮ್, ಡಿಡ್‌ಂಟ್ ಷಿ?’ ‘ಯು ವಿಲ್ ಗೋ, ವೋಂಟ್ ಯು?’ ಇದಕ್ಕಾಗಿ ನಿದ್ದೆಗೆಡುವುದು ಬೇಡ. ಎಲ್ಲಕ್ಕೂ ‘ರೈಟ್?’ ಎಂದರೆ ಈಗ ಅಮೆರಿಕದವರೇ ಒಪ್ಪುತ್ತಾರೆ.

ಅವರಲ್ಲಿ ಇಲ್ಲದ್ದೂ ನಮ್ಮಲ್ಲಿ ಬೇಕಾದಷ್ಟಿದೆ. ‘ಇವನು ನಿಮ್ಮ ಎಷ್ಟನೆಯ ಮಗ?’ ಎಂಬ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ನೇರವಾಗಿ ಕೇಳಿ ನೋಡೋಣ! ಕೆಮಿಸ್ಟ್ರಿ ಓದಿದ ಮಗಳಿಗೂ ಆಗಲಿಲ್ಲ. ವಾರಗಿತ್ತಿಗೆ ಅವರಲ್ಲಿ ಪದವೇ ಇಲ್ಲ, ‘ಕೋ ಸಿಸ್ಟರ್’ ಎಂಬುದು ನಾವು ಹುಟ್ಟಿಸಿಕೊಂಡದ್ದು, ಹೊರದೇಶದಲ್ಲಿ ನಡೆಯದು. ‘ಮೈ ಹಸ್ಬೆಂಡ್ಸ್ ಬ್ರದರ್ಸ್ ವೈಫ್’ ಎಂದು ಉದ್ದಕ್ಕೆ ಬಿಡಿಸಬೇಕು.

ಅಭ್ಯಾಸಕ್ಕೆ ಬೇರೆ ಸಮಯ ಹುಡುಕಬೇಡಿ. ಹುರುಳಿಕಾಯಿ ನಾರು ತೆಗೆಯುವಾಗ ಒಂದು ಅಚ್ಚು ಹಿಡಿದುಕೊಳ್ಳಿ, ‘ಕುಡ್ ಯು ಪ್ಲೀಸ್’ ಎಂಬುದು, ಅದರಲ್ಲಿ ಹತ್ತು ಬೇರೆ ಬೇರೆ ಮಾತು ಇಟ್ಟು ಗಟ್ಟಿಯಾಗಿ ಹೇಳಿ. ಮಾರನೇ ದಿನ ಇನ್ನೊಂದು. ಗಟ್ಟಿಯಾಗಿಯೇ ಹೇಳಬೇಕು, ಮನಸ್ಸಿನಲ್ಲಿ ಹೇಳಿಕೊಂಡದ್ದು ಕೌಂಟರಿನ ಮುಂದೆ ಬಾಯಿಗೆ ಬರುವುದಿಲ್ಲ. ಮಕ್ಕಳು ನಗುತ್ತಾರೆ, ನಗಲಿ.

ಕೊನೆಯದಾಗಿ ಫೋನಿನ ಮಾತು. ಮಧ್ಯಾಹ್ನ ಮನೆಯಲ್ಲಿ ಹೆಂಗಸರು ಒಬ್ಬರೇ ಇರುವ ಹೊತ್ತು ನೋಡಿಯೇ ಕರೆ ಬರುತ್ತದೆ. ಬ್ಯಾಂಕಿನಿಂದ ಎನ್ನುತ್ತಾರೆ, ಚುರುಕು ಇಂಗ್ಲಿಷ್ ಮಾತಾಡುತ್ತಾರೆ, ‘ಕುಡ್ ಯು ಪ್ಲೀಸ್ ಶೇರ್ ದಿ ಒಟಿಪಿ, ಮೇಡಂ?’ ಎಂದು ನಾನು ಮೇಲೆ ಹೇಳಿದ ಅದೇ ನಯದ ಅಚ್ಚಿನಲ್ಲಿ ಕೇಳುತ್ತಾರೆ! ಅಷ್ಟು ಮರ್ಯಾದೆಯಿಂದ ಕೇಳಿದವರಿಗೆ ಇಲ್ಲವೆನ್ನುವುದು ಹೇಗೆ ಎಂದು ನಮ್ಮವರಿಗೆ ದಾಕ್ಷಿಣ್ಯ. ಯಾವ ಬ್ಯಾಂಕಿನವರೂ ಫೋನು ಮಾಡಿ ಒಟಿಪಿ ಕೇಳುವುದಿಲ್ಲ. ಇಲ್ಲಿ ‘ಕುಡ್’ ಬೇಡ, ‘ಪ್ಲೀಸ್’ ಬೇಡ, ‘ಸಾರಿ’ಯೂ ಬೇಡ. ‘ನೋ. ಐ ವಿಲ್ ನಾಟ್ ಶೇರ್ ಇಟ್.’ ಇಷ್ಟು ಹೇಳಿ ಫೋನಿಡಿ. ಅಷ್ಟರಲ್ಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ.